ಶಿಕ್ಷಕನ ಮೊದಲ ವಿದ್ಯಾರ್ಥಿ

(ಸಂಘದ ವಾರ್ಷಿಕ ಶೈಕ್ಷಣಿಕ ಸಮಾವೇಶದಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



'ಉನ್ನತ ವ್ಯಾಸಂಗ ಮತ್ತು ಶಿಕ್ಷಕ' ಎಂಬ ವಿಷಯದ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ಸಂಘದ ಕಾರ್ಯದರ್ಶಿಗಳು ನನಗೆ ಸೂಚಿಸಿದ್ದಾರೆ. ಉನ್ನತ ವ್ಯಾಸಂಗ ಎಂದಕೂಡಲೇ ನಮ್ಮ ಮನಸ್ಸಿಗೆ ಬರುವುದು ಬಡ್ತಿ, ಸಂಬಳ, ಹೆಸರಿನ ಮುಂದೆ ಸೇರುವ ಅಕ್ಷರಗಳು. ಅವು ಬೇಡವೆಂದು ನಾನು ಹೇಳುವುದಿಲ್ಲ. ಆದರೆ ಇಂದು ನಾನು ಹೇಳಹೊರಟಿರುವುದು ಶಿಕ್ಷಕನ ಪಾಠವನ್ನಷ್ಟೇ ಅಲ್ಲದೆ ಶಿಕ್ಷಕನನ್ನೇ ಬದಲಿಸುವ ಒಂದು ಓದಿನ ಬಗ್ಗೆ. ಅದನ್ನು ಆಳ ಮನಃಶಾಸ್ತ್ರ ಎಂದು ಕರೆಯುತ್ತಾರೆ. ಹೆಸರು ಕೇಳಿ ಹೆದರಬೇಡಿ. ಮೊದಲು ನನ್ನದೇ ಒಂದು ತಪ್ಪನ್ನು ನಿಮ್ಮ ಮುಂದಿಡುತ್ತೇನೆ. ಆಮೇಲೆ ಶಾಸ್ತ್ರದ ಮಾತು ಸುಲಭವಾಗುತ್ತದೆ.

ಒಬ್ಬ ಹುಡುಗನ ಮೌನ

ನಾನು ಹೈಸ್ಕೂಲಿನಲ್ಲಿ ಪಾಠ ಮಾಡಲು ಆರಂಭಿಸಿ ಕೆಲವೇ ವರ್ಷಗಳಾಗಿದ್ದವು. ಎಂಟನೆಯ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ತುಂಟನಲ್ಲ, ಜಗಳಗಂಟನಲ್ಲ. ಪ್ರಶ್ನೆ ಕೇಳಿದರೆ ಎದ್ದು ನಿಂತು ತಲೆ ತಗ್ಗಿಸುತ್ತಿದ್ದ. ಒಂದು ಮಾತೂ ಆಡುತ್ತಿರಲಿಲ್ಲ. ಬೆಂಚು ಮುರಿದ ಹುಡುಗರನ್ನು ನಾನು ಗದರಿಸಿ ಬಿಟ್ಟದ್ದುಂಟು, ಸುಳ್ಳು ಹೇಳಿದವರನ್ನು ನಕ್ಕು ಕ್ಷಮಿಸಿದ್ದುಂಟು. ಆದರೆ ಈ ಹುಡುಗನ ಮೌನ ಮಾತ್ರ ನನ್ನ ಮೈ ಉರಿಸುತ್ತಿತ್ತು. ಒಂದು ದಿನ ಇಡೀ ತರಗತಿಯ ಮುಂದೆ ಅವನಿಗೆ, "ನಿನಗೆ ಶಾಲೆ ಆಗುವುದಿಲ್ಲ. ನಾಳೆಯಿಂದ ಅಪ್ಪನ ಜೊತೆ ದಕ್ಕೆಗೆ ಹೋಗು" ಎಂದೆ. ಮಕ್ಕಳೆಲ್ಲ ನಕ್ಕರು. ಅವನು ನಾನು ಹೇಳಿದಂತೆಯೇ ಮಾಡಿದ. ಮರುದಿನದಿಂದ ಶಾಲೆಗೆ ಬರಲಿಲ್ಲ.

ನಾನು ಹುಡುಕಿಕೊಂಡೂ ಹೋಗಲಿಲ್ಲ. ಹಾಜರಿ ಪುಸ್ತಕದಲ್ಲಿ ಒಂದು ಹೆಸರಿಗೆ ಗೆರೆ ಬಿತ್ತು, ಅಷ್ಟೆ.

ಸುಮಾರು ಹತ್ತು ವರ್ಷ ಪಾಠ ಮಾಡಿದ ಮೇಲೆ ನಾನು ಮನಃಶಾಸ್ತ್ರದಲ್ಲಿ ಎಂ.ಎ. ಓದಲು ಹೊರಟೆ. ಹೋದದ್ದು ಬಡ್ತಿಯ ಆಸೆಯಿಂದಲೇ ಎಂದು ಒಪ್ಪಿಕೊಳ್ಳುತ್ತೇನೆ. ಅಲ್ಲಿ ನಮ್ಮ ಪ್ರಾಧ್ಯಾಪಕರೊಬ್ಬರು ಒಂದು ಕೆಲಸ ಕೊಟ್ಟರು: ನಿಮ್ಮ ಶಾಲಾ ದಿನಗಳ ಒಂದು ನೆನಪನ್ನು, ಯಾರಿಗೂ ಹೇಳದ ನೆನಪನ್ನು, ಬರೆದು ತನ್ನಿ. ರಾತ್ರಿ ಬರೆಯಲು ಕುಳಿತಾಗ ನನ್ನ ಲೇಖನಿಗೆ ಬಂದದ್ದು ಐದನೆಯ ತರಗತಿಯ ಒಂದು ದಿನ. ನಮ್ಮ ಮನೆಯ ಮಾತು ಬ್ಯಾರಿ, ಶಾಲೆಯ ಮಾತು ಕನ್ನಡ. ಮೇಷ್ಟ್ರು ಕೇಳಿದ ಪ್ರಶ್ನೆಗೆ ಉತ್ತರ ನನಗೆ ಗೊತ್ತಿತ್ತು, ಆದರೆ ನಾಲಿಗೆ ಹೊರಳಲಿಲ್ಲ. ತಪ್ಪು ಕನ್ನಡ ಆಡಿದರೆ ನಗುತ್ತಾರೆಂಬ ಹೆದರಿಕೆಯಿಂದ ತಲೆ ತಗ್ಗಿಸಿ ನಿಂತೆ. ಆಗಲೂ ಎಲ್ಲರೂ ನಕ್ಕರು. ಆ ದಿನದ ನಾಚಿಕೆಯನ್ನು ನಾನು ಎಷ್ಟು ಆಳದಲ್ಲಿ ಹೂತಿದ್ದೆನೆಂದರೆ ಮೂವತ್ತು ವರ್ಷ ಅದು ಇದ್ದದ್ದೇ ನನಗೆ ನೆನಪಿರಲಿಲ್ಲ.

ಬರೆದು ಮುಗಿಸಿದಾಗ ಎಂಟನೆಯ ತರಗತಿಯ ಆ ಹುಡುಗ ನನ್ನ ಮುಂದೆ ಬಂದು ನಿಂತ ಹಾಗಾಯಿತು. ನಾನು ಶಿಕ್ಷಿಸಿದ್ದು ಅವನನ್ನಲ್ಲ. ಯಾವ ಹುಡುಗನ ಬಗ್ಗೆ ನನಗೆ ನಾಚಿಕೆಯಿತ್ತೋ ಅವನನ್ನು. ಆದರೆ ಶಾಲೆ ಬಿಟ್ಟವನು ನಾನಲ್ಲ, ಅವನು.

ಆಳ ಮನಃಶಾಸ್ತ್ರ ಎಂದರೇನು?

'ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ' ಎಂಬ ಗಾದೆ ನಮ್ಮ ಹಿರಿಯರಿಗೆ ಗೊತ್ತಿತ್ತು. ಕೋಪ ಹುಟ್ಟುವ ಜಾಗ ಒಂದು, ಬೀಳುವ ಜಾಗ ಇನ್ನೊಂದು. ಗಾದೆಯ ಸೊಸೆಗೆ ತನ್ನ ಕೋಪ ಯಾರ ಮೇಲೆ ಎಂಬುದಾದರೂ ಗೊತ್ತು. ನಮಗೆ ಎಷ್ಟೋ ಸಲ ಅದೂ ಗೊತ್ತಿರುವುದಿಲ್ಲ. ಮನುಷ್ಯನಿಗೆ ತನ್ನ ಬೆನ್ನು ಕಾಣಿಸದು. ಹಾಗೆಯೇ ಮನಸ್ಸಿನ ಒಂದು ದೊಡ್ಡ ಭಾಗ ನಮ್ಮ ಕಣ್ಣಿಗೆ ಬೀಳದೆ ನಮ್ಮ ಮಾತು, ಸಿಟ್ಟು, ಪ್ರೀತಿಗಳನ್ನು ನಡೆಸುತ್ತದೆ. ಇದನ್ನು ಸುಪ್ತಮನಸ್ಸು ಎನ್ನುತ್ತೇವೆ. ಅದರ ಅಧ್ಯಯನವೇ ಆಳ ಮನಃಶಾಸ್ತ್ರ. ಈ ಹೆಸರನ್ನು ಬಳಕೆಗೆ ತಂದವರು ಸ್ವಿಟ್ಜರ್ಲೆಂಡಿನ ಮನೋವೈದ್ಯ ಯುಜೆನ್ ಬ್ಲಾಯ್ಲರ್. ವಿಯೆನ್ನಾದ ಸಿಗ್ಮಂಡ್ ಫ್ರಾಯ್ಡ್, ಅವರೊಂದಿಗೆ ಕೆಲಸ ಮಾಡಿ ನಂತರ ಬೇರೆ ದಾರಿ ಹಿಡಿದ ಆಲ್ಫ್ರೆಡ್ ಆಡ್ಲರ್ ಮತ್ತು ಕಾರ್ಲ್ ಗುಸ್ಟಾವ್ ಯೂಂಗ್ ಇದರ ಮೊದಲ ತಲೆಮಾರಿನವರು.

ಇದು ವೈದ್ಯರ ಶಾಸ್ತ್ರ, ಶಿಕ್ಷಕರಿಗೇಕೆ ಎಂದು ನೀವು ಕೇಳಬಹುದು. ಆರಂಭದಿಂದಲೇ ಇದರಲ್ಲಿ ಶಿಕ್ಷಕರ ಕೈ ಇತ್ತು. 1920ರ ದಶಕದಲ್ಲಿ ಆಡ್ಲರ್ ವಿಯೆನ್ನಾದಲ್ಲಿ ಮಕ್ಕಳ ಮಾರ್ಗದರ್ಶನ ಕೇಂದ್ರಗಳನ್ನು ತೆರೆದಾಗ ಅಲ್ಲಿ ತಂದೆತಾಯಿಯರ ಜೊತೆ ಶಿಕ್ಷಕರೂ ಕುಳಿತು ಕಲಿತರು. ಫ್ರಾಯ್ಡ್ ಅವರ ಕಿರಿಯ ಮಗಳು ಅನ್ನಾ ಫ್ರಾಯ್ಡ್ ವೈದ್ಯೆಯಲ್ಲ, 1920ರವರೆಗೆ ಪ್ರಾಥಮಿಕ ಶಾಲೆಯ ಶಿಕ್ಷಕಿಯಾಗಿದ್ದವರು. ನಮ್ಮ ಬಿ.ಎಡ್. ವಿದ್ಯಾರ್ಥಿಗಳು ಬಾಯಿಪಾಠ ಮಾಡುವ ಎಂಟು ಹಂತಗಳ ಎರಿಕ್ ಎರಿಕ್ಸನ್ ಕೂಡ ಶಿಕ್ಷಕರೇ. ಅನ್ನಾ ಫ್ರಾಯ್ಡ್ ಅವರ ಗೆಳತಿಯರು 1927ರಲ್ಲಿ ವಿಯೆನ್ನಾದ ಹೀಟ್ಸಿಂಗ್‌ನಲ್ಲಿ ತೆರೆದ ಪುಟ್ಟ ಶಾಲೆಯಲ್ಲಿ ಅವರು ಪಾಠ ಮಾಡುತ್ತಿದ್ದರು. ಕೈಯಲ್ಲಿ ಕಾಲೇಜಿನ ಪದವಿಯೂ ಇರಲಿಲ್ಲ. ಅಲ್ಲಿಂದಲೇ ಮನೋವಿಶ್ಲೇಷಣೆಯ ತರಬೇತಿ ಪಡೆದು, 1933ರಲ್ಲಿ ಅಮೆರಿಕಕ್ಕೆ ಹೋಗಿ, ಮುಂದೆ ಹಾರ್ವರ್ಡ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದರು. ತನ್ನನ್ನು ಹುಟ್ಟಿಸಿದ ತಂದೆ ಯಾರೆಂದು ಅವರಿಗೆ ಕೊನೆಯವರೆಗೂ ತಿಳಿಯಲಿಲ್ಲ. ಎರಿಕ್ಸನ್ ಎಂಬ ಹೆಸರನ್ನೂ ದೊಡ್ಡವರಾದ ಮೇಲೆ ತಾವೇ ಇಟ್ಟುಕೊಂಡದ್ದು. 'ನಾನು ಯಾರು?' ಎಂಬ ಪ್ರಶ್ನೆಯನ್ನು ಹದಿಹರೆಯದ ಮಕ್ಕಳಲ್ಲಿ ಅವರಷ್ಟು ಚೆನ್ನಾಗಿ ಗುರುತಿಸಿದವರು ವಿರಳ. ಅದು ಅವರ ಸ್ವಂತ ಪ್ರಶ್ನೆಯೂ ಆಗಿತ್ತೆಂಬುದನ್ನು ಗೈಡ್ ಪುಸ್ತಕಗಳು ಹೇಳುವುದಿಲ್ಲ.

ಒಬ್ಬ ಶಿಕ್ಷಕಿಯ ಕಥೆ

ಅನ್ನಾ ಫ್ರಾಯ್ಡ್ ವಿಯೆನ್ನಾ ನಗರದ ಮಕ್ಕಳ ಕೇಂದ್ರಗಳ ಶಿಕ್ಷಕರಿಗೆ ನಾಲ್ಕು ಉಪನ್ಯಾಸಗಳನ್ನು ಕೊಟ್ಟರು. 1930ರಲ್ಲಿ ಅವು ಪುಸ್ತಕವಾಗಿ ಬಂದವು. ಕೊನೆಯ ಉಪನ್ಯಾಸದಲ್ಲಿ ಒಬ್ಬ ಮನೆಶಿಕ್ಷಕಿಯ ಪ್ರಸಂಗವಿದೆ. ಅದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ.

ಮನೆಯಲ್ಲಿ ಸುಖ ಕಾಣದ ಒಬ್ಬ ಹುಡುಗಿ ಹದಿನೆಂಟರ ಹೊತ್ತಿಗೆ ಮನೆ ಬಿಟ್ಟು, ಬೇರೊಂದು ಕುಟುಂಬದ ಮೂವರು ಗಂಡುಮಕ್ಕಳಿಗೆ ಕಲಿಸುವ ಕೆಲಸಕ್ಕೆ ಸೇರಿದಳು. ಅವರಲ್ಲಿ ನಡುವಿನವನು ಓದಿನಲ್ಲಿ ಹಿಂದೆ, ಅಂಜುಬುರುಕ, ಮಂಕು. ಬುದ್ಧಿವಂತರಾದ ಅಣ್ಣ ತಮ್ಮಂದಿರ ನಡುವೆ ಅವನನ್ನು ಕೇಳುವವರಿರಲಿಲ್ಲ. ಶಿಕ್ಷಕಿ ತನ್ನ ಶಕ್ತಿಯನ್ನೆಲ್ಲ ಅವನಿಗೇ ಧಾರೆಯೆರೆದಳು. ಹುಡುಗ ಅರಳಿದ. ಪಾಠದಲ್ಲಿ ಮುಂದೆ ಬಂದ. ಅಷ್ಟು ದಿನ ಕಡೆಗಣಿಸಿದ್ದ ತಂದೆತಾಯಿ ಅವನನ್ನು ಮೆಚ್ಚಿ ಮುದ್ದಿಸತೊಡಗಿದರು.

ಇಲ್ಲಿಗೆ ಕಥೆ ಮುಗಿದಿದ್ದರೆ ನಾವು ಅದನ್ನು ಶಿಕ್ಷಕರ ದಿನಾಚರಣೆಯಲ್ಲಿ ಹೇಳಿ ಚಪ್ಪಾಳೆ ತಟ್ಟಬಹುದಿತ್ತು. ಆದರೆ ಹುಡುಗ ಗೆದ್ದ ಮೇಲೆ ಶಿಕ್ಷಕಿಗೂ ಅವನಿಗೂ ಹೊಂದಿಕೆಯಾಗಲಿಲ್ಲ. ಮಾತುಮಾತಿಗೆ ತಕರಾರು. ಅವಳ ಪ್ರೀತಿ ಬತ್ತಿತು. ಕೊನೆಗೆ ಯಾವ ಹುಡುಗನಿಂದಾಗಿ ಆ ಮನೆಯಲ್ಲಿ ಅವಳಿಗೆ ಗೌರವ ಬಂದಿತ್ತೋ ಅವನಿಂದಾಗಿಯೇ ಕೆಲಸ ಬಿಟ್ಟಳು. ಕಾರಣ ಏನೆಂದು ಅವಳಿಗೇ ತಿಳಿಯಲಿಲ್ಲ. ಸುಮಾರು ಹದಿನೈದು ವರ್ಷಗಳ ನಂತರ, ತಾನೇ ಮನೋವಿಶ್ಲೇಷಣೆಗೆ ಒಳಗಾದಾಗ ವಿಷಯ ಬೆಳಕಿಗೆ ಬಂತು. ತನ್ನ ಮನೆಯಲ್ಲಿ ಅವಳೂ ಯಾರಿಗೂ ಬೇಡದ ಮಗುವಾಗಿದ್ದಳು. ಆ ಹುಡುಗನಲ್ಲಿ ಅವಳು ಕಂಡದ್ದು ತನ್ನನ್ನೇ. 'ನನ್ನನ್ನು ಹೀಗೆ ನೋಡಿಕೊಳ್ಳಬೇಕಿತ್ತು' ಎಂದು ಒಳಮನಸ್ಸು ಹೇಳಿದಂತೆ ಅವನನ್ನು ನೋಡಿಕೊಂಡಳು. ಅವನು ಗೆದ್ದಾಗ ಅವಳ ಪಾಲಿಗೆ ಬೇರೆಯವನಾದ. ತನಗೆ ಎಂದೂ ಸಿಗದ ಪ್ರೀತಿ ಅವನಿಗೆ ಸಿಕ್ಕಿದ್ದನ್ನು ಅವಳೊಳಗಿನ ಮಗು ಸಹಿಸಲಿಲ್ಲ.

ಇದನ್ನು ಹೇಳಿ ಅನ್ನಾ ಫ್ರಾಯ್ಡ್ ಒಂದು ಆಕ್ಷೇಪವನ್ನು ತಾವೇ ಎತ್ತುತ್ತಾರೆ. ಅವಳು ಮೊದಲೇ ತನ್ನನ್ನು ತಾನು ಅರಿತಿದ್ದರೆ ಆ ಹುಡುಗ ಉದ್ಧಾರವಾಗುತ್ತಿದ್ದನೇ? ಅವರ ಉತ್ತರದ ಸಾರ ಇಷ್ಟು: ಅಂಥ ಯಶಸ್ಸಿಗೆ ತೆರುವ ಬೆಲೆ ಬಹಳ ದುಬಾರಿ. ಶಿಕ್ಷಕಿಗೆ ತನ್ನ ಬಾಲ್ಯವನ್ನು ನೆನಪಿಸದ ಮಕ್ಕಳ ಗತಿ ಏನು? ಆದ್ದರಿಂದ ಶಿಕ್ಷಕ ಕೆಲಸಕ್ಕೆ ಇಳಿಯುವ ಮೊದಲೇ ತನ್ನ ಒಳಗಿನ ಸಂಘರ್ಷಗಳನ್ನು ಅರಿತಿರಬೇಕು. ಇಲ್ಲವಾದರೆ ಅವನ್ನು ತೀರಿಸಿಕೊಳ್ಳಲು ಮಕ್ಕಳನ್ನೇ ಸಾಧನವನ್ನಾಗಿ ಬಳಸಿಕೊಳ್ಳುತ್ತಾನೆ.

ಬಂಧುಗಳೇ, ನಾನು ಆ ಶಿಕ್ಷಕಿಯ ಇನ್ನೊಂದು ಮುಖ. ಅವಳು ತನ್ನ ಬಾಲ್ಯವನ್ನು ಎದುರಿಗೆ ಕಂಡು ಪ್ರೀತಿಸಿದಳು, ನಾನು ಕಂಡು ಹೊಡೆದೆ. ಇಬ್ಬರಿಗೂ ಎದುರಿಗಿದ್ದ ಮಗು ಕಾಣಿಸಲಿಲ್ಲ.

ಈ ಓದಿನಲ್ಲಿ ಏನಿದೆ?

ಸ್ನಾತಕೋತ್ತರ ಮಟ್ಟದಲ್ಲಿ ಇದನ್ನು ಓದುವವರಿಗೆ ಮೂರು ಬಗೆಯ ಕೆಲಸವಿರುತ್ತದೆ. ಮೊದಲನೆಯದು ಗ್ರಂಥಗಳು: ಫ್ರಾಯ್ಡ್, ಯೂಂಗ್, ಎರಿಕ್ಸನ್, ಮಕ್ಕಳ ವೈದ್ಯ ಡೊನಾಲ್ಡ್ ವಿನಿಕಾಟ್ ಮೊದಲಾದವರು. ಎರಡನೆಯದು ಕನಸು, ಪುರಾಣ, ಜನಪದ ಕಥೆಗಳನ್ನು ಮನಸ್ಸಿನ ಭಾಷೆಯಾಗಿ ಓದುವ ಅಭ್ಯಾಸ. ಮೂರನೆಯದೇ ಕಠಿಣ: ತನ್ನನ್ನು ತಾನು ಓದುವುದು. ಚಿಕಿತ್ಸಕರಾಗಬೇಕೆಂದವರು ಸ್ವತಃ ವಿಶ್ಲೇಷಣೆಗೆ ಒಳಗಾಗಲೇಬೇಕೆಂಬ ನಿಯಮ ಈ ಕ್ಷೇತ್ರದಲ್ಲಿ ಬಹಳ ಹಿಂದಿನಿಂದ ಇದೆ. ಬೇರೆ ಶಾಸ್ತ್ರಗಳಲ್ಲಿ ಪ್ರಯೋಗಾಲಯ ಕಟ್ಟಡದಲ್ಲಿರುತ್ತದೆ. ಇಲ್ಲಿ ಅದು ನಮ್ಮೊಳಗೇ ಇರುತ್ತದೆ.

ಜ್ಯೂರಿಕ್‌ನಲ್ಲಿ 1948ರಲ್ಲಿ ಯೂಂಗ್ ಅವರ ಹೆಸರಿನ ಸಂಸ್ಥೆ ಆರಂಭವಾಯಿತು. ಅಮೆರಿಕದ ಕ್ಯಾಲಿಫೋರ್ನಿಯಾದ ಪೆಸಿಫಿಕಾ ಎಂಬ ಸಂಸ್ಥೆ ಆಳ ಮನಃಶಾಸ್ತ್ರದ ಎಂ.ಎ., ಪಿಎಚ್.ಡಿ.ಗಳಿಗಾಗಿಯೇ ಹೆಸರಾಯಿತು. ಇದು ಕೇವಲ ವಿದೇಶದ ಮಾತಲ್ಲ. ಕಲ್ಕತ್ತಾದ ಗಿರೀಂದ್ರಶೇಖರ್ ಬೋಸ್ 1922ರಲ್ಲೇ ಭಾರತೀಯ ಮನೋವಿಶ್ಲೇಷಣಾ ಸಂಘವನ್ನು ಕಟ್ಟಿದರು. ನಮ್ಮ ಮೈಸೂರು ವಿಶ್ವವಿದ್ಯಾಲಯದಲ್ಲಿ ಮನಃಶಾಸ್ತ್ರ ವಿಭಾಗ 1924ರಲ್ಲಿ ಆರಂಭವಾಯಿತು. ಅದರ ಮುಖ್ಯಸ್ಥರಾಗಿದ್ದ ಡಾ. ಎಂ.ವಿ. ಗೋಪಾಲಸ್ವಾಮಿಯವರೇ 1935ರಲ್ಲಿ ಮೈಸೂರಿನಲ್ಲಿ ಬಾನುಲಿ ಕೇಂದ್ರವನ್ನು ಆರಂಭಿಸಿದವರು. 2008ರಲ್ಲಿ ಸ್ಥಾಪನೆಯಾದ ದೆಹಲಿಯ ಅಂಬೇಡ್ಕರ್ ವಿಶ್ವವಿದ್ಯಾಲಯ ಮನೋವಿಶ್ಲೇಷಣೆಗೆ ಒತ್ತು ಕೊಡುವ ಎಂ.ಎ.ಯನ್ನು ರೂಪಿಸಿತು. ಯೂಂಗ್ ಕೂಡ ಭಾರತೀಯ ವಿಜ್ಞಾನ ಕಾಂಗ್ರೆಸ್ಸಿನ ಬೆಳ್ಳಿಹಬ್ಬಕ್ಕೆಂದು 1937-38ರಲ್ಲಿ ಭಾರತಕ್ಕೆ ಬಂದವರು, ಮೈಸೂರಿಗೂ ಬಂದು ಮಹಾರಾಜರ ಗುರುಗಳಾಗಿದ್ದ ವಿ. ಸುಬ್ರಹ್ಮಣ್ಯ ಅಯ್ಯರ್ ಅವರೊಡನೆ ಚರ್ಚಿಸಿದ್ದರು.

ಅದೇ ಯೂಂಗ್ 1939ರಲ್ಲಿ ಸ್ವಿಟ್ಜರ್ಲೆಂಡಿನ ಎರಾನೋಸ್ ಸಭೆಯಲ್ಲಿ ಮಾಡಿದ ಭಾಷಣದಲ್ಲಿ ನಮಗೆಲ್ಲ ಪರಿಚಿತವಾದ ಅಲ್-ಕಹ್ಫ್ ಅಧ್ಯಾಯವನ್ನು, ಮೂಸಾ ಮತ್ತು ಖಿಜ್ರ್ ಪ್ರಸಂಗವನ್ನು, ವಿವರವಾಗಿ ಚರ್ಚಿಸಿದರು. ಅವರದು ಮನಃಶಾಸ್ತ್ರಜ್ಞನ ಓದು, ವಿದ್ವಾಂಸರ ತಫ್ಸೀರ್ ಅಲ್ಲ. ಅದನ್ನು ಹಾಗೆಯೇ ತಿಳಿದುಕೊಳ್ಳಬೇಕು. ಆದರೆ ಶಿಕ್ಷಕನಾಗಿ ನನಗೆ ಆ ಪ್ರಸಂಗ ಹೊಸದಾಗಿ ಕಂಡಿತು. ಹೊರಗೆ ಕಾಣುವುದನ್ನಷ್ಟೇ ನೋಡಿ ತೀರ್ಪು ಕೊಡುವ ಆತುರವನ್ನು ಅಲ್ಲಿ ಮೂರು ಸಲ ತಡೆಯಲಾಗಿದೆ. ಕೊನೆಗೆ ಒಂದು ಬೀಳುವ ಗೋಡೆಯನ್ನು ಸರಿಪಡಿಸಲಾಗುತ್ತದೆ, ಏಕೆಂದರೆ ಅದರಡಿಯಲ್ಲಿ ಇಬ್ಬರು ಅನಾಥ ಬಾಲಕರ ನಿಧಿಯಿದೆ, ಅವರು ಬೆಳೆಯುವವರೆಗೆ ಅದು ಉಳಿಯಬೇಕು. ತಲೆ ತಗ್ಗಿಸಿ ನಿಂತ ನನ್ನ ವಿದ್ಯಾರ್ಥಿಯೂ ಅಂಥ ಗೋಡೆಯೇ ಆಗಿದ್ದ. ನಾನು ಅದನ್ನು ಬೀಳಿಸಿಬಿಟ್ಟೆ.

ತರಗತಿಯಲ್ಲಿ ಏನು ಬದಲಾಯಿತು?

ಮೊದಲನೆಯದಾಗಿ, ಪ್ರಶ್ನೆ ಬದಲಾಯಿತು. 'ಈ ಹುಡುಗನಿಗೆ ಏನಾಗಿದೆ?' ಎಂದು ಕೇಳುವ ಮೊದಲು 'ಇವನ ಮುಂದೆ ನನಗೆ ಏನಾಗುತ್ತಿದೆ?' ಎಂದು ಕೇಳಿಕೊಳ್ಳುತ್ತೇನೆ. ತಪ್ಪಿಗಿಂತ ಸಿಟ್ಟು ದೊಡ್ಡದಾಗಿದ್ದರೆ ಆ ಸಿಟ್ಟಿನ ಬೇರು ಬೇರೆಲ್ಲೋ ಇದೆ ಎಂದು ಅರ್ಥ.

ಎರಡನೆಯದಾಗಿ, ಮಕ್ಕಳು ಮನೆಯಿಂದ ಬರಿಗೈಯಲ್ಲಿ ಬರುವುದಿಲ್ಲ. ತಂದೆಯ ಭಯವನ್ನು, ತಾಯಿಯ ಮೇಲಿನ ಮುನಿಸನ್ನು ಹೊತ್ತು ತಂದು ಶಿಕ್ಷಕನ ಮುಂದೆ ಇಳಿಸುತ್ತಾರೆ. ಇದನ್ನು ಭಾವ ವರ್ಗಾವಣೆ ಎನ್ನುತ್ತಾರೆ. ಇದು ತಿಳಿದ ಮೇಲೆ ಮಗುವಿನ ಉದ್ಧಟತನ ನನಗೆ ಆದ ಅವಮಾನವೆಂದು ಅನಿಸುವುದಿಲ್ಲ. ಅದರ ಅತಿಯಾದ ಭಕ್ತಿ ನನ್ನ ಹೆಗ್ಗಳಿಕೆಯೆಂದೂ ಅನಿಸುವುದಿಲ್ಲ.

ಮೂರನೆಯದು ಬಹಳ ಮುಖ್ಯ. ಗಲಾಟೆ ಮಾಡುವ ಮಗುವನ್ನು ಎಲ್ಲರೂ ಗಮನಿಸುತ್ತಾರೆ. ಹೇಳಿದ್ದನ್ನೆಲ್ಲ ಕೇಳುವ, ಎಂದೂ ಎದುರಾಡದ 'ಒಳ್ಳೆಯ' ಮಗುವನ್ನು ಯಾರೂ ಗಮನಿಸುವುದಿಲ್ಲ. ಇತರರನ್ನು ಮೆಚ್ಚಿಸಲು ಮಗು ಹೊರಗೆ ತೊಡುವ ವ್ಯಕ್ತಿತ್ವದೊಳಗೆ ಅದರ ನಿಜವಾದ ಜೀವ ಅಡಗಿಕೊಂಡು ಸೊರಗಬಹುದೆಂದು ವಿನಿಕಾಟ್ ಎಚ್ಚರಿಸಿದ್ದಾರೆ. ನಮ್ಮ ಹೆಣ್ಣುಮಕ್ಕಳಲ್ಲಿ ಇಂಥವರು ಎಷ್ಟು ಮಂದಿ ಎಂದು ಇಲ್ಲಿರುವ ತಾಯಂದಿರು ಯೋಚಿಸಬೇಕು.

ನಾಲ್ಕನೆಯದು ತಾಳ್ಮೆ. ವಿಯೆನ್ನಾದ ಇನ್ನೊಬ್ಬ ಶಿಕ್ಷಕ ಆಗಸ್ಟ್ ಐಕ್‌ಹಾರ್ನ್ ಮೊದಲ ಮಹಾಯುದ್ಧ ಮುಗಿದ ಕಾಲದಲ್ಲಿ ಓಬರ್‌ಹೊಲ್ಲಾಬ್ರುನ್ ಎಂಬಲ್ಲಿ ದಾರಿ ತಪ್ಪಿದ ಮಕ್ಕಳ ವಸತಿಯನ್ನು ನಡೆಸಿದರು. ಅತ್ಯಂತ ಹಿಂಸಾಪ್ರವೃತ್ತಿಯ ಹುಡುಗರನ್ನು ಒಂದು ಗುಂಪಾಗಿಸಿ, ಅವರ ಮೇಲೆ ಯಾರೂ ಕೈ ಮಾಡಬಾರದೆಂದು ಕಟ್ಟಪ್ಪಣೆ ಮಾಡಿದರು. ಹುಡುಗರು ಕಿಟಕಿ, ಮೇಜು, ಕುರ್ಚಿಗಳನ್ನು ಪುಡಿ ಮಾಡಿದರು. ನೋಡಿಕೊಳ್ಳುವವರು ಬಳಲಿ ಬೆಂಡಾದರು. ಆದರೂ ಪ್ರತಿಯೇಟು ಬೀಳಲಿಲ್ಲ. ಏಟನ್ನೇ ನಿರೀಕ್ಷಿಸಿದ್ದ ಹುಡುಗರಿಗೆ ಏಟು ಸಿಗದೆ ಹೋದಾಗ ಅವರ ಆರ್ಭಟದ ಬುಡ ಅಲುಗಿತು. ಕೆಲವರು ಅತ್ತರು, ಕ್ರಮೇಣ ಶಾಂತರಾದರು. 1925ರಲ್ಲಿ ಐಕ್‌ಹಾರ್ನ್ ಈ ಅನುಭವವನ್ನು ಪುಸ್ತಕವಾಗಿ ಬರೆದಾಗ ಫ್ರಾಯ್ಡ್ ಮುನ್ನುಡಿ ಕೊಟ್ಟರು. ಮೇಜು ಕುರ್ಚಿ ಒಡೆಯಲು ಬಿಡಿ ಎಂದು ನಾನು ಹೇಳುತ್ತಿಲ್ಲ. ಪ್ರತಿಯೇಟು ಕೊಡದೆ ಉಳಿಯುವ ಶಕ್ತಿ ಶಿಕ್ಷಕನಿಗೆ ಸ್ವಂತ ಸಿಟ್ಟಿನ ಪರಿಚಯದಿಂದ ಮಾತ್ರ ಬರುತ್ತದೆ ಎಂದು ಹೇಳುತ್ತಿದ್ದೇನೆ.

ಕೆಲವು ಎಚ್ಚರಿಕೆಗಳು

ಈ ಶಾಸ್ತ್ರವನ್ನು ಕಣ್ಣುಮುಚ್ಚಿ ನಂಬಬೇಕಾಗಿಲ್ಲ. ಫ್ರಾಯ್ಡ್ ಹೇಳಿದ ಎಷ್ಟೋ ವಿಷಯಗಳನ್ನು ನಂತರದವರು ಪ್ರಶ್ನಿಸಿದ್ದಾರೆ, ಹಲವನ್ನು ಕೈಬಿಟ್ಟಿದ್ದಾರೆ. ಶಿಕ್ಷಕರಿಗೆ ಅಷ್ಟು ತಿಳುವಳಿಕೆಯ ಮಾತು ಹೇಳಿದ ಅನ್ನಾ ಅವರನ್ನೇ ವಿಶ್ಲೇಷಣೆ ಮಾಡಿದ್ದು ಅವರ ಸ್ವಂತ ತಂದೆ. ಇಂದು ಅದನ್ನು ಯಾರೂ ಸರಿಯೆನ್ನುವುದಿಲ್ಲ. ಎರಡು ಪುಸ್ತಕ ಓದಿ ಮಕ್ಕಳಿಗೆ ರೋಗದ ಹೆಸರು ಹಚ್ಚುವ ಶಿಕ್ಷಕನಿಗಿಂತ ಏನೂ ಓದದವನೇ ಮೇಲು. ಶಿಕ್ಷಕ ವೈದ್ಯನಲ್ಲ. ಮಗು ಊಟ ನಿದ್ದೆ ಬಿಟ್ಟರೆ, ಸಾಯುವ ಮಾತಾಡಿದರೆ ತಡಮಾಡದೆ ಮನೋವೈದ್ಯರ ಬಳಿಗೆ ಕರೆದೊಯ್ಯಬೇಕು. ಕೇಂದ್ರ ಸರಕಾರ 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಇದನ್ನು ಪ್ರತಿ ಶಾಲೆಯ ಗೋಡೆಯಲ್ಲೂ ಬರೆಸಿ.

ಇನ್ನೊಂದು ಮಾತು. ಎಲ್ಲವೂ ಮನಸ್ಸಿನಲ್ಲೇ ಇದೆ ಎಂದುಕೊಳ್ಳಬೇಡಿ. ಹಸಿದು ಬಂದ ಮಗುವಿಗೆ ಮೊದಲು ಬೇಕಾದದ್ದು ಅನ್ನ. ಬಸ್ಸಿನ ದುಡ್ಡಿಲ್ಲದೆ ಶಾಲೆ ತಪ್ಪಿಸಿದ ಹುಡುಗಿಗೆ ಬೇಕಾದದ್ದು ಬಸ್ಸಿನ ದುಡ್ಡು.

ಸಂಘದ ಮುಂದೆ ಒಂದು ಮನವಿ

2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಸೆಕ್ಷನ್ ಮಕ್ಕಳಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಕಾನೂನು ಬೆತ್ತವನ್ನು ಕಿತ್ತುಕೊಂಡಿತು. ನಾಲಿಗೆಯನ್ನು ಯಾವ ಕಾನೂನು ಕಾಯುತ್ತದೆ? ನಾನು ಆ ಹುಡುಗನನ್ನು ಮುಟ್ಟಿರಲೇ ಇಲ್ಲ. 2014ರಲ್ಲಿ ಬಿ.ಎಡ್. ಕೋರ್ಸನ್ನು ಎರಡು ವರ್ಷಕ್ಕೆ ಹೆಚ್ಚಿಸಿದಾಗ ಪಠ್ಯಕ್ರಮದಲ್ಲಿ 'ತನ್ನನ್ನು ತಾನು ಅರಿಯುವುದು' ಎಂಬ ಭಾಗವನ್ನೂ ಸೇರಿಸಿದರು. ವಿದ್ಯಾರ್ಥಿ ಮಿತ್ರರೇ, ಆ ರೆಕಾರ್ಡ್ ಪುಸ್ತಕವನ್ನು ದಯವಿಟ್ಟು ಹಿಂದಿನ ವರ್ಷದವರಿಂದ ನಕಲು ಮಾಡಬೇಡಿ. ಬೇರೆ ಯಾವುದನ್ನು ನಕಲು ಮಾಡಿದರೂ ನಷ್ಟ ಅಂಕದ್ದು. ಇದನ್ನು ನಕಲು ಮಾಡಿದರೆ ನಷ್ಟ ಮುಂದೆ ನಿಮ್ಮ ಕೈಗೆ ಬರುವ ಮಕ್ಕಳದ್ದು.

ನಮ್ಮ ಸಂಘ ವೈದ್ಯಕೀಯ, ಇಂಜಿನಿಯರಿಂಗ್ ಓದುವವರಿಗೆ ವಿದ್ಯಾರ್ಥಿವೇತನ ಕೊಡುತ್ತಿರುವುದು ಸಂತೋಷದ ಸಂಗತಿ. ಮನಃಶಾಸ್ತ್ರದಲ್ಲಿ ಎಂ.ಎ. ಓದಲು ಬಯಸುವ ಇಬ್ಬರು ಶಿಕ್ಷಕರಿಗೆ, ಅದರಲ್ಲಿ ಒಬ್ಬರು ಮಹಿಳೆ ಇರಲಿ, ವರ್ಷಕ್ಕೊಮ್ಮೆ ನೆರವು ನೀಡಿರೆಂದು ಕೇಳಿಕೊಳ್ಳುತ್ತೇನೆ. ಎಲ್ಲರೂ ಎಂ.ಎ. ಓದಬೇಕಾಗಿಲ್ಲ. ತಿಂಗಳಿಗೊಮ್ಮೆ ಶಾಲೆ ಮತ್ತು ಮದ್ರಸಗಳ ಏಳೆಂಟು ಮಂದಿ ಅಧ್ಯಾಪಕರು, ಉಸ್ತಾದರು ಒಂದೆಡೆ ಕುಳಿತು, 'ಈ ತಿಂಗಳು ಯಾವ ಮಗು ನನ್ನ ತಾಳ್ಮೆ ಕೆಡಿಸಿತು, ಏಕೆ?' ಎಂದು ಮನಬಿಚ್ಚಿ ಮಾತಾಡಿದರೂ ಸಾಕು. ಅಲ್ಲಿ ಆಡಿದ ಮಾತು ಹೊರಗೆ ಹೋಗಬಾರದು, ಅಷ್ಟೇ ನಿಯಮ.

ಕೊನೆಗೆ ಆ ಹುಡುಗನ ಸುದ್ದಿ. ಎಂ.ಎ. ಮುಗಿದ ಮೇಲೆ ನಾನು ಅವನನ್ನು ಹುಡುಕಿಕೊಂಡು ಹೋದೆ. ದಕ್ಕೆಯಲ್ಲೇ ಸಿಕ್ಕಿದ. ಮದುವೆಯಾಗಿ ಮಗಳಿದ್ದಳು. "ಅಂದು ನಾನು ಹಾಗೆ ಹೇಳಬಾರದಿತ್ತು" ಎಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದೆಲ್ಲ ಈಗ ಯಾಕೆ ಸರ್, ಚಾ ಕುಡಿಯುವ ಬನ್ನಿ" ಎಂದ. ಕ್ಷಮಿಸಿದ್ದೇನೆ ಎನ್ನಲಿಲ್ಲ, ಇಲ್ಲ ಎಂದೂ ಹೇಳಲಿಲ್ಲ. ಹೊರಡುವಾಗ, "ಮಗಳನ್ನು ಮುಂದಿನ ವರ್ಷ ಶಾಲೆಗೆ ಸೇರಿಸಬೇಕು. ಒಳ್ಳೆಯ ಟೀಚರ್ ಇರುವ ಶಾಲೆ ಯಾವುದು ಸರ್?" ಎಂದು ಕೇಳಿದ.

ಅವನ ಪ್ರಶ್ನೆಯನ್ನು ನಿಮ್ಮ ಕೈಗೆ ಒಪ್ಪಿಸುತ್ತಿದ್ದೇನೆ. ನಾಳೆ ಶಿಕ್ಷಕರಾಗುವವರು ನೀವು. ಅಂಥ ಶಾಲೆ ನಮ್ಮ ಪ್ರತಿ ಊರಿನಲ್ಲೂ ಇದೆ ಎಂದು ಹೇಳುವ ದಿನ ಬರಲಿ ಎಂದು ಹಾರೈಸುತ್ತೇನೆ.